ಪೊರೆಯ ಪಾಠ

"ಬಸ್ಸೇ ಲೇಟಾಗಿ ಬಂತು ಸಾರ್," ಎಂದು ನಾಗವೇಣಿ ತರಗತಿಯ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಳು.

"ದಿನಾ ಇದೇ ರಾಗ. ಹೊರಗೇ ನಿಂತ್ಕೋ," ಎಂದರು ಜೀವಶಾಸ್ತ್ರದ ಮೇಷ್ಟ್ರು.

ವಾರದಲ್ಲಿ ಇದು ನಾಲ್ಕನೇ ಸಲ. ಅವಳು ಕಿಟಕಿಯ ಕಟ್ಟೆಯ ಮೇಲೆ ನೋಟ್‌ಬುಕ್ಕಿಟ್ಟು, ನಿಂತೇ ಬರೆದುಕೊಳ್ಳತೊಡಗಿದಳು.

ಮೇಷ್ಟ್ರು ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬಿಡಿಸಿ, ಅದರ ಸುತ್ತಲಿನ ಪೊರೆಯನ್ನು ಕೋಲಿನಿಂದ ಕುಟ್ಟಿದರು. "ಇದು ಯಾವುದರಿಂದ ಆಗಿದೆ?"

"ಸಕ್ಕರೆ ಸಾರ್," ಎಂದಿತು ಒಂದು ಬೆಂಚು. "ಪಿಷ್ಟ ಸಾರ್," ಎಂದಿತು ಇನ್ನೊಂದು.

ಮೇಷ್ಟ್ರು ತಲೆ ಚಚ್ಚಿಕೊಂಡರು. "ನಿನ್ನೆಯೆಲ್ಲ ಗಂಟಲು ಹರ್ಕೊಂಡಿದ್ದು ಯಾರಿಗೋಸ್ಕರ? ಯಾರನ್ನ ಒಳಗೆ ಬಿಡ್ಬೇಕು, ಯಾರನ್ನ ಹೊರಗೆ ನಿಲ್ಲಿಸ್ಬೇಕು ಅಂತ ತೀರ್ಮಾನ ಮಾಡೋದು ಯಾವುದು, ಹೇಳ್ರೋ!"

ಕಿಟಕಿಯಾಚೆಯಿಂದ ನಾಗವೇಣಿ ಹೇಳಿದಳು: "ಕೊಬ್ಬು, ಸಾರ್."