ಕಂಬಿ ಕಚ್ಚುವ ಹಂದಿ

ಸೊಸೆ ತಂದ ಒಣಹುಲ್ಲು ಮುಂದೆ ಬಿದ್ದದ್ದೇ ತಡ, ಗಬ್ಬದ ಹಂದಿ ಕಂಬಿ ಕಚ್ಚುವುದನ್ನು ಬಿಟ್ಟಿತು. ಮೈ ತಿರುಗಿಸಲೂ ಜಾಗವಿಲ್ಲದ ಆ ಕಬ್ಬಿಣದ ಪಂಜರದಲ್ಲಿ ಅದು ದಿನಾ ಬೆಳಿಗ್ಗೆ ಹಾಕಿದ ಮೇವನ್ನು ಗಬಗಬನೆ ಮುಗಿಸಿ, ಆಮೇಲೆ ದಿನವಿಡೀ ಕಂಬಿಯನ್ನೇ ಜಗಿಯುತ್ತಿತ್ತು. "ಹೊಟ್ಟೆ ತುಂಬ ಹಾಕಿದೀವಿ, ಇನ್ನೇನು ಬೇಕಂತೆ? ಈ ಹುಲ್ಲಿಂದ ಸುಮ್ನೆ ಚರಂಡಿ ಕಟ್ಕೊಳ್ಳುತ್ತೆ," ಎಂದು ಮಾವ ಬಾಗಿಲಲ್ಲೇ ಗೊಣಗಿದರು.

"ಹೊಟ್ಟೆ ತುಂಬಿದೆ ಮಾವ, ಬಾಯಿಗೆ ಕೆಲಸ ಇಲ್ಲ," ಎಂದಳು ಸೊಸೆ.

ಹಂದಿ ಹುಲ್ಲನ್ನು ಮೂಸಿತು, ಮೂತಿಯಿಂದ ಕೆದಕಿತು. ಒಂದೆಳೆಯನ್ನೂ ನುಂಗದೆ ಬಾಯ್ತುಂಬ ಕಚ್ಚಿಕೊಂಡು, ಹಿಂದಕ್ಕೆ ಹಾಸಲು ಕತ್ತು ತಿರುಗಿಸಿತು. ಭುಜ ಕಂಬಿಗೆ ತಾಗಿ ಹುಲ್ಲು ಕಾಲ ಬಳಿಯೇ ಉದುರಿತು. ಮತ್ತೆ ಕಚ್ಚಿಕೊಂಡಿತು. ಎಳೆಬಿಸಿಲಲ್ಲಿ ಹುಲ್ಲಿನ ಧೂಳು ಮೆಲ್ಲಗೆ ತೇಲುತ್ತಿತ್ತು. ಹಂದಿಯ ಅರೆಮುಚ್ಚಿದ ಕಣ್ಣು ತಾನೆಂದೂ ಕಾಣದ ಯಾವುದೋ ಬಯಲನ್ನು ನೋಡುವಂತಿತ್ತು.

"ಏನ್ ಮಾಡ್ತಿದೆ ಅದು?" ಮಾವನ ದನಿ ತಗ್ಗಿತ್ತು.

"ಮರಿ ಹಾಕೋಕೆ ಹಾಸಿಗೆ ಮಾಡ್ಕೊಳ್ತಿದೆ."

ಇಷ್ಟು ವರ್ಷ ಹಂದಿ ಸಾಕಿದ ಮಾವ ಇದನ್ನು ಕಂಡಿರಲಿಲ್ಲ. ಬಾಗಿಲಿಂದ ಪಂಜರದ ಹತ್ತಿರ ಬಂದರು. ಆಮೇಲೆ ಬಾಗಿ ಪಂಜರದ ಚಿಲಕ ತೆಗೆದರು. "ಆ ಮೂಲೆ ಕೊಟ್ಟಿಗೆ ಖಾಲಿ ಮಾಡಮ್ಮ," ಎಂದರು. "ಹಡೆಯೋಳಿಗೆ ಹೊರಳೋಕಾದ್ರೂ ಜಾಗ ಬೇಡ್ವಾ?"