ಕೊಸರು ಕೇಳದ ಟೀಚರ್

ಸಂತೆಯ ಅಂಗಡಿಯವಳು ನ್ಯಾಗೊಂಡ್ವೆ ಹಣ ಮುಟ್ಟಲೇ ಇಲ್ಲ. ಸೀಮೆಸುಣ್ಣದ ಪೆಟ್ಟಿಗೆಗಳನ್ನೂ ಪೆನ್ಸಿಲ್, ನೋಟ್‌ಬುಕ್‌ಗಳ ಕಟ್ಟುಗಳನ್ನೂ ಜೋಡಿಸಿಟ್ಟು, ಅವುಗಳ ಮೇಲೆ ಮೊಣಕೈಯೂರಿ ಮುಖ ಊದಿಸಿಕೊಂಡು ಕೂತುಬಿಟ್ಟಳು.

"ಕಡಿಮೆ ಆಯ್ತಾಮ್ಮ?" ಎಂದಳು ಫೆಮ್ಕೆ. ಹಾಲೆಂಡಿನಿಂದ ಮಲಾವಿಗೆ ಬಂದು, ಸಂಬಳವಿಲ್ಲದೆ ಎರಡು ವರ್ಷ ಹಳ್ಳಿಶಾಲೆಯಲ್ಲಿ ಗಣಿತ ಕಲಿಸಿದವಳು. ಸೋಮವಾರ ವಾಪಸು ಹೊರಡುವವಳಿದ್ದಳು. ಹೋಗುವ ಮುಂಚೆ ಶಾಲೆಗೊಂದಿಷ್ಟು ಸಾಮಾನು ಕೊಡಿಸೋಣವೆಂದು ಹೆಡ್‌ಮಾಸ್ಟರ್ ಚಿರಾಂಬೊ ಅವರನ್ನು ಕರೆದುಕೊಂಡು ಎಕ್ವೆಂಡೇನಿ ಸಂತೆಗೆ ಬಂದಿದ್ದಳು.

"ಕಡಿಮೆ ಏನಾಗಿಲ್ಲ. ಹೇಳಿದಷ್ಟೂ ನೀನು ಎಣಿಸಿಟ್ಟೆ, ಕೊಸರು ಮಾತ್ರ ಕೇಳಲಿಲ್ಲ. ನನ್ನ ಸಾಮಾನು ಅಷ್ಟು ಕೆಟ್ಟದಾಗಿದ್ಯಾ?"

"ಹಾಗಲ್ಲಮ್ಮ. ನಿಮ್ಮ ಹತ್ರ ಪುಕ್ಕಟೆ ಕೇಳೋಕೆ ನಾಚಿಕೆ."

"ಕೊಸರು ಕೇಳದೆ ಹೋಗೋರು ಮತ್ತೆ ಈ ಕಡೆ ತಲೆ ಹಾಕೋರಲ್ಲ, ಬಸ್ಸಲ್ಲಿ ಹಾದುಹೋಗೋ ಜನ. ನೀನೂ ಅಂಥೋಳೇನಾ?"

ಚಿರಾಂಬೊ ಮೇಷ್ಟ್ರು ಸುಮ್ಮನೆ ಸೈಕಲ್ಲಿನ ಗಂಟೆ ಒರೆಸತೊಡಗಿದರು. ಎಂಟನೇ ತರಗತಿಯ ಪರೀಕ್ಷೆ ಮುಂದಿನ ತಿಂಗಳು. ಶಾಲೆಯಲ್ಲಿ ಗಣಿತ ಕಲಿಸುವವರು ಬೇರೆ ಯಾರೂ ಇಲ್ಲ. ಇನ್ನೊಂದಿಷ್ಟು ದಿನ ಇರಿ ಎಂಬ ಮಾತನ್ನು ಅವರಿನ್ನೂ ಆಡಿರಲಿಲ್ಲ. ಸಹಾಯಕ್ಕೆಂದು ಅಷ್ಟು ದೂರದಿಂದ ಬಂದವಳ ಹತ್ತಿರ ಇನ್ನೂ ಬೇಕು ಎನ್ನಲು ಪಾಪ, ಸಂಕೋಚ.

"ಸರಿ, ಒಂದು ಪೆನ್ಸಿಲ್ ಕೊಡಿ" ಎಂದಳು ಫೆಮ್ಕೆ, ಸಣ್ಣ ದನಿಯಲ್ಲಿ.

"ಪೆನ್ಸಿಲ್ಲಂತೆ. ನಾನೇನು ಭಿಕ್ಷೆ ಹಾಕ್ತಿದೀನಾ? ಕೇಳೋವಾಗ ದೊಡ್ಡದೇ ಕೇಳಬೇಕು ತಾಯಿ. ಇಳಿಸೋಕೆ ನಾನಿದೀನಲ್ಲ."

ಫೆಮ್ಕೆ ಸುತ್ತ ನೋಡಿದಳು. ಆಮೇಲೆ ಧೈರ್ಯ ಮಾಡಿ, ಸೂರಿಗೆ ತೂಗುಹಾಕಿದ್ದ ಹೊಸ ಫುಟ್‌ಬಾಲಿಗೇ ಬೆರಳು ತೋರಿಸಿದಳು.

ನ್ಯಾಗೊಂಡ್ವೆ ತಲೆವಸ್ತ್ರ ಜಾರುವಷ್ಟು ನಕ್ಕಳು. ಪಕ್ಕದಲ್ಲಿ ಬಾಣಲೆಯ ಮುಂದೆ ಕೂತು ಮಂದಾಸಿ ಎಂಬ ಸಿಹಿ ಬೋಂಡ ಕರಿಯುತ್ತಿದ್ದವಳನ್ನು ಕರೆದು, "ಕೇಳಿದ್ಯೇನೇ? ಕೊಸರಿಗೆ ಅಂಗಡೀನೇ ಕೇಳ್ತಿದಾಳೆ" ಎಂದಳು.

"ಅಂಗಡಿ ನೀವೇ ಇಟ್ಕೊಳ್ಳಿ, ಚೆಂಡು ಸಾಕು" ಎಂದಳು ಫೆಮ್ಕೆ.

ಅಲ್ಲಿಂದ ಶುರುವಾಯಿತು. ಒಬ್ಬಳು ಎಳೆದಳು, ಒಬ್ಬಳು ಬಿಟ್ಟಳು. ಮಂದಾಸಿಯವಳು ಎಣ್ಣೆ ಕಾಯುವುದನ್ನೂ ಮರೆತು ಫೆಮ್ಕೆಯ ಪರ ವಾದಿಸಿದಳು. ಕೊನೆಗೆ ಬಣ್ಣದ ಸೀಮೆಸುಣ್ಣದ ಒಂದು ಡಬ್ಬಿ, ಒಂದು ಸ್ಕಿಪ್ಪಿಂಗ್ ಹಗ್ಗಕ್ಕೆ ಇಬ್ಬರೂ ಒಪ್ಪಿದರು. ಆಗ ನ್ಯಾಗೊಂಡ್ವೆ ಹಣ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿ, ಚೆಂಡನ್ನು ಒಮ್ಮೆ ತಟ್ಟಿ, "ಇದು ಮುಂದಿನ ಸಲಕ್ಕೆ" ಎಂದಳು.

ಹಗ್ಗವೊಂದನ್ನು ಬಿಟ್ಟು ಸಾಮಾನನ್ನೆಲ್ಲ ಹಳೆ ಟ್ಯೂಬಿನ ಪಟ್ಟಿಯಿಂದ ಸೈಕಲ್ಲಿಗೆ ಬಿಗಿದು ಇಬ್ಬರೂ ಶಾಲೆಯ ದಾರಿ ಹಿಡಿದರು. ಸಂತೆಯ ಗದ್ದಲ ಹಿಂದೆ ಉಳಿಯಿತು. ಸೇತುವೆಯ ಹತ್ತಿರ ಮೇಷ್ಟ್ರು ಸೈಕಲ್ ನಿಲ್ಲಿಸಿದರು.

"ಟೀಚರ್, ಎರಡು ವರ್ಷ ಕಲಿಸಿದ್ರಿ. ನಮಗೂ ಒಂದು ಕೊಸರು ಹಾಕಿ ಹೋಗಿ. ಪರೀಕ್ಷೆ ಮುಗಿಯೋವರೆಗೆ, ಒಂದೇ ತಿಂಗಳು."

ಫೆಮ್ಕೆಗೆ ಕಣ್ಣು ತುಂಬಿ ಬಂತು, ನಗುವೂ ಬಂತು. ಕೊರಳಿಗೆ ಸುತ್ತಿಕೊಂಡಿದ್ದ ಸ್ಕಿಪ್ಪಿಂಗ್ ಹಗ್ಗದ ಎರಡೂ ತುದಿ ಹಿಡಿದುಕೊಂಡು, ನ್ಯಾಗೊಂಡ್ವೆಯ ಹಾಗೆಯೇ ಮುಖ ಊದಿಸಿ ಹೇಳಿದಳು:

"ಕೇಳೋವಾಗ ದೊಡ್ಡದೇ ಕೇಳಬೇಕು ಸಾರ್. ಇಳಿಸೋಕೆ ನಾನಿದೀನಲ್ಲ."