ಅಲೆಯಿಲ್ಲದ ಜೋಡಿ

ವಾದ್ಯದ ಕೊನೆಯ ಜೋಡಿಗೆ, ಡುಂಗ್ ಸ್ವರಕ್ಕೆ ಬಂದಾಗ, ನಾದದ ಅಲೆ ಎಣಿಸುತ್ತಿದ್ದ ಲುಹ್ ಸರ್ನಿಯ ಮೊಬೈಲು ಸೊನ್ನೆ ತೋರಿಸಿತು. ಎರಡೂ ಕಂಚಿನ ಪಟ್ಟಿಗಳನ್ನು ಮತ್ತೊಮ್ಮೆ ಒಟ್ಟಿಗೆ ಬಾರಿಸಿದಳು. ಮತ್ತೆ ಸೊನ್ನೆಯೇ.

ಗಂಡು ಪಟ್ಟಿಗಿಂತ ಹೆಣ್ಣು ಪಟ್ಟಿಯ ಸ್ವರ ಕೂದಲೆಳೆಯಷ್ಟು ಕೆಳಗಿರಬೇಕು. ಎರಡೂ ಒಟ್ಟಿಗೆ ನುಡಿದಾಗಲೇ ನಾದದಲ್ಲಿ ಅಲೆ ಏಳುವುದು. ಮಿಕ್ಕ ಒಂಬತ್ತು ಜೋಡಿಗಳಲ್ಲೂ ಸೆಕೆಂಡಿಗೆ ಏಳೇ ಅಲೆ. ಬರೀ ಕಿವಿಯಿಂದ ಅಷ್ಟು ಕರಾರುವಾಕ್ಕಾಗಿ ಶ್ರುತಿ ಕೂಡಿಸಿದ ಅಪ್ಪ ಇಲ್ಲಿ ಹೇಗೆ ಎಡವಿದ? ಅವನು ತೀರಿಕೊಂಡ ಮೇಲೆ ಅವನ ಅರ ಹಿಡಿದು, ಈ ಪಕ್ಕದೂರಿನ ಮಂಟಪದಲ್ಲಿ ಅವಳು ಮಾಡುತ್ತಿದ್ದ ಮೊದಲ ಕೆಲಸ ಇದು. ಹೈಸ್ಕೂಲಿನ ಗಣಿತದ ಟೀಚರಾದ ಅವಳಿಗೆ ಕಂಚು ಒಲಿಯುತ್ತದೆಯೇ ಎಂದು ನೋಡಲು ಎರಡೂ ಊರಿನವರು ಕಾದಿದ್ದರು. ಒಂದೇ ಒಂದು ತಪ್ಪೂ ಉಳಿಯಕೂಡದು.

ಹೆಣ್ಣು ಪಟ್ಟಿಯನ್ನು ಬಿಚ್ಚಿ ಮಗುಚಿದಳು. ಎಲೆಯಡಿಕೆ ಜಗಿಯುತ್ತ ಕೂತಿದ್ದ ಮುದುಕ ವಾದಕ ಗೆಜಿರ್ ಹೌಹಾರಿದ.

"ಏಯ್, ಏನ್ ಮಾಡ್ತಿದ್ದೀಯೇ?"

"ಇದು ತಪ್ಪಿದೆ ಅಜ್ಜ. ತಳ ಒಂಚೂರು ಕೆರೆದ್ರೆ ಏಳು ಅಲೆ ಬಂದ್ಬಿಡುತ್ತೆ."

"ತಪ್ಪಂತೆ! ನಮಗೇನು ಕಿವಿ ಇಲ್ವಾ? ಮೂವತ್ತ್ನಾಲ್ಕು ವರ್ಷದಿಂದ ಬಾರಿಸ್ತಿರೋದು ಯಾರು, ನಿನ್ನ ಮೊಬೈಲಾ?"

"ಗೊತ್ತಿದ್ದೂ ಸುಮ್ನಿದ್ರಾ? ಅಪ್ಪನ ಹೆಸರು ಕೆಡಲ್ವಾ?"

ಗೆಜಿರ್ ಎದ್ದು ಹೋಗಿ ಉಗಿದು ಬಂದ. "ಇಲ್ಲೇ ಕೂತಿದ್ದ ನಿಮ್ಮಪ್ಪ. ಇದೊಂದು ಪಟ್ಟಿ ಕೆರೆಯೋದು ಬಾಕಿ. ನಿಮ್ಮಜ್ಜಿ ಗದ್ದೆ ಬದುವಿನ ಮೇಲೆ ಓಡ್ಬಂದು ಹೆಣ್ಣುಮಗು ಅಂತ ಕೂಗಿದ್ಲು. ಅರ ಎಸೆದು ಓಟ ಕಿತ್ತ ನೋಡು, ಚಪ್ಪಲಿ ಒಂದೇ ಕಾಲಿಗೆ! ವಾರ ಬಿಟ್ಟು ಮುಗಿಸ್ತೀನಿ ಅಂತ ಬಂದ. ನಾವೇ ಮುಟ್ಟಗೊಡಲಿಲ್ಲ."

ಸರ್ನಿ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಊಟಕ್ಕೆ ಕರೆದರೂ "ಇದೊಂದು ಪಟ್ಟಿ ಮುಗೀಲಿ" ಎನ್ನುತ್ತ, ಅನ್ನ ಆರಿದ ಮೇಲೆಯೇ ಏಳುತ್ತಿದ್ದ ಅಪ್ಪ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಓಡುವ ಅಪ್ಪನನ್ನು ಅವಳು ನೋಡಿಯೇ ಇರಲಿಲ್ಲ. ಈಗ ಒಂದು ಸಲ ನೋಡಬೇಕೆಂದು ತಡೆಯಲಾರದಷ್ಟು ಆಸೆಯಾಯಿತು.

"ಹಂಗಾದ್ರೆ ಏನ್ ಮಾಡ್ಲಿ ಅಜ್ಜ? ಈ ಡುಂಗ್ ಸ್ವರಾನ ಹಿಂಗೇ ಬಿಟ್ಬಿಡ್ಲಾ?"

"ಅರ ನಿನ್ನ ಕೈಲಿದೆ, ನಿನ್ನಿಷ್ಟ. ಆದ್ರೆ ಇದನ್ನ ಡುಂಗ್ ಅಂತ ಈ ಊರಲ್ಲಿ ಯಾರೂ ಕರೆಯಲ್ಲಮ್ಮ. ಹೊಸಬರಿಗೆ ಕಲಿಸುವಾಗಲೂ 'ಈಗ ಸರ್ನಿ ಬಾರಿಸು' ಅಂತಲೇ ನಾವು ಹೇಳಿಕೊಡೋದು."